ಪಟ್ಟಿ ಎತ್ತುವ ಹಾಡು

2019ರ ಆಗಸ್ಟ್ ಎರಡನೇ ವಾರ. ಕಾಗವಾಡ ಸೀಮೆಯ ಶಿರಗುಪ್ಪಿಯಿಂದ ಜುಗೂಳದ ಕಡೆ ಹೋಗುವ ಹಾದಿ ಕೃಷ್ಣಾ ಹೊಳೆಯ ಪಾಲಾಗಿತ್ತು. ಆಳೆತ್ತರ ಬೆಳೆದ ಕಬ್ಬಿನ ಸುಳಿ ಮಾತ್ರ ಅಲ್ಲಲ್ಲಿ ನೀರಿನ ಮೇಲೆ ಕಾಣುತ್ತಿತ್ತು. ಆ ದಿನಗಳಲ್ಲಿ ನಾನು ಎರಡು ಹಾಡು ಕೇಳಿದೆ.

ಮೊದಲನೆಯದು ಮೊಬೈಲಿನಲ್ಲಿ ಬಂತು. ಯಾರೋ ಡ್ರೋನ್ ಹಾರಿಸಿ ತೆಗೆದ ಒಂದೂವರೆ ನಿಮಿಷದ ವಿಡಿಯೊ. ಮುಳುಗಿದ ಮಾಳಿಗೆಗಳು, ಪತ್ರಾಸಿನ ಮೇಲೆ ಕೂತ ನಾಯಿ, ಕಣ್ಣು ಹಾಯುವಷ್ಟು ದೂರ ಕೆಂಪು ನೀರು. ಹಿನ್ನೆಲೆಗೆ ಹಳೆಯ ಸಿನಿಮಾದ ದುಃಖದ ಹಾಡು, ಕೊನೆಗೆ ಬ್ಯಾಂಕ್ ಖಾತೆಯ ನಂಬರು. ಅದು ಯಾವ ಊರು ಎಂದು ವಿಡಿಯೊದಲ್ಲಿ ಎಲ್ಲಿಯೂ ಇರಲಿಲ್ಲ.

ಎರಡನೆಯದನ್ನು ಓಣಿಯಲ್ಲಿ ನಿಂತು ಕೇಳಿದೆ. ಭಜನಿಯ ನಾಲ್ಕೈದು ಮಂದಿ ಪಟ್ಟಿ ಎತ್ತಲು, ಅಂದರೆ ನೆರವು ಕೂಡಿಸಲು, ಹೊರಟಿದ್ದರು. ಒಬ್ಬನ ಕೊರಳಲ್ಲಿ ಪೇಟಿ, ಇಬ್ಬರ ಕೈಯಲ್ಲಿ ತಾಳ, ಹಿಂದೆ ರೊಟ್ಟಿ ಗಂಟು, ಕಂಬಳಿ, ಜೋಳದ ಚೀಲ ಹೇರಿಕೊಂಡು ನಿಧಾನವಾಗಿ ಬರುತ್ತಿದ್ದ ಟ್ರ್ಯಾಕ್ಟರು. ಎಲ್ಲರಿಗೂ ಗೊತ್ತಿದ್ದ ಭಜನೆಯ ಧಾಟಿ, ಅದಕ್ಕೆ ಅವತ್ತೇ ಕಟ್ಟಿದ ನುಡಿ. ನುಡಿಯಲ್ಲಿ ಊರಿನ ಹೆಸರುಗಳಿದ್ದವು: ಜುಗೂಳ, ಮಂಗಾವತಿ, ಶಾಹಪುರ, ಕೃಷ್ಣಾ ಕಿತ್ತೂರ. ಕೊಯ್ನಾದಿಂದ ನೀರು ಬಿಟ್ಟದ್ದಿತ್ತು, ರಾಜಾಪುರ ಬ್ಯಾರೇಜಿನ ಮಾತಿತ್ತು. ಯಾವ ಶಾಲೆಯಲ್ಲಿ ಎಷ್ಟು ಮಂದಿ ಇದ್ದಾರೆ, ಯಾರಿಗೆ ಏನು ಬೇಕು ಎಂಬುದೂ ಇತ್ತು. ಹೆಣ್ಣುಮಕ್ಕಳು ಹಾಡು ಮುಗಿಯುವ ತನಕ ಬಾಗಿಲಲ್ಲೇ ನಿಂತು ಕೇಳಿ, ಒಳಗೆ ಹೋಗಿ, ಕಟಕ ರೊಟ್ಟಿಯ ಜೊತೆ ಶೇಂಗಾ ಚಟ್ನಿಯ ಡಬ್ಬಿಯನ್ನೂ ತಂದುಕೊಟ್ಟರು. ಒಣ ರೊಟ್ಟಿ ಸಾಕಷ್ಟು ಬಂದಿದೆ, ಹಚ್ಚಿಕೊಳ್ಳಲು ಏನೂ ಇಲ್ಲ ಎಂದು ನುಡಿಯೇ ಹೇಳಿತ್ತು.

ನೊಂದವರಿಗಾಗಿ ಹಾಡುವುದು, ಸಿನಿಮಾ ತೆಗೆಯುವುದು ಈಗ ಜಗತ್ತಿನ ದೊಡ್ಡ ರೂಢಿ. ಅಂಥ ಹಾಡಿಗೆ ಎಷ್ಟು ಹಣ ಬಂತು ಎಂದು ಎಲ್ಲರೂ ಕೇಳುತ್ತಾರೆ. ಅದನ್ನು ಹಾಡೆಂದು, ಚಿತ್ರವೆಂದು ತೂಗಿ ನೋಡುವವರು ಕಡಿಮೆ. ಒಳ್ಳೆಯ ಕೆಲಸಕ್ಕೆ ಕಟ್ಟಿದ್ದನ್ನು ವಿಮರ್ಶಿಸಬಾರದು ಎಂಬ ಸಂಕೋಚ ಅದಕ್ಕೆ ಕಾರಣ. ಆ ಸಂಕೋಚ ತಪ್ಪು ಎಂದು ನನಗೆ ಅನ್ನಿಸಿದ್ದು ಆ ಎರಡು ಹಾಡುಗಳನ್ನು ಒಂದೇ ದಿನ ಕೇಳಿದಾಗ. ಒಂದರಲ್ಲಿ ನೊಂದವರು ಬರೀ ಚಿತ್ರವಾಗಿದ್ದರು. ಇನ್ನೊಂದರಲ್ಲಿ ಅವರಿಗೆ ಹೆಸರಿತ್ತು, ಊರಿತ್ತು, ಕಷ್ಟಕ್ಕೊಂದು ಕಾರಣವಿತ್ತು.

ಈ ರೂಢಿಯ ಅತಿ ದೊಡ್ಡ ಉದಾಹರಣೆ ಇಥಿಯೋಪಿಯಾದ್ದು. 1984ರ ಅಕ್ಟೋಬರ್ 23ರಂದು ಬಿಬಿಸಿಯಲ್ಲಿ ಮೈಕೆಲ್ ಬುರ್ಕ್ ಅವರ ವರದಿ ಬಂತು. ಕ್ಯಾಮೆರಾ ಹಿಡಿದಿದ್ದವರು ಕೀನ್ಯಾದ ಮೊಹಮದ್ ಅಮೀನ್. ಕೋರೆಮ್ ಶಿಬಿರದ ಬೆಳಗಿನ ಚಳಿಯಲ್ಲಿ ಹಸಿದ ಸಾವಿರಾರು ಜನರನ್ನು ಅವರು ತೋರಿಸಿದರು. ಸುಮಾರು ಒಂದು ತಿಂಗಳಲ್ಲಿ ಬಾಬ್ ಗೆಲ್ಡಾಫ್ ಮತ್ತು ಮಿಜ್ ಯೂರ್ ಬರೆದ ಹಾಡನ್ನು ಬ್ರಿಟನ್ನಿನ ಗಾಯಕರು ಬ್ಯಾಂಡ್ ಏಡ್ ಹೆಸರಿನಲ್ಲಿ ಹಾಡಿದರು. 1985ರ ಜನವರಿ 28ರ ರಾತ್ರಿ ಅಮೆರಿಕದ ನಲವತ್ತಕ್ಕೂ ಹೆಚ್ಚು ಗಾಯಕರು ಲಾಸ್ ಏಂಜಲಿಸ್‌ನ ಸ್ಟುಡಿಯೊ ಒಂದರಲ್ಲಿ ಸೇರಿ ‘ವಿ ಆರ್ ದ ವರ್ಲ್ಡ್’ ಹಾಡಿದರು. ಜುಲೈ 13ರಂದು ಲಂಡನ್ ಮತ್ತು ಫಿಲಡೆಲ್ಫಿಯಾಗಳಲ್ಲಿ ಲೈವ್ ಏಡ್ ನಡೆಯಿತು. ಹದಿನಾರು ಗಂಟೆಗಳ ಆ ಕಾರ್ಯಕ್ರಮವನ್ನು ಉಪಗ್ರಹದ ಮೂಲಕ ಜಗತ್ತೇ ನೋಡಿತು. ಬಂದ ಹಣದಿಂದ ಧಾನ್ಯ ಹೋಯಿತು, ಲಾರಿಗಳು ಹೋದವು, ಔಷಧ ಹೋಯಿತು. ಬದುಕಿದವರು ಬದುಕಿದರು. ಅದನ್ನು ಹಗುರ ಮಾಡಿ ಮಾತಾಡುವವರ ಜೊತೆ ನಾನಿಲ್ಲ. ಗಂಜಿ ಕೇಂದ್ರದಲ್ಲಿ ಸಾಲಾಗಿ ನಿಂತವರನ್ನು ಕಂಡವರು ಯಾರೂ ಹಾಗೆ ಮಾತಾಡಲಾರರು.

ಆದರೆ ಹಾಡು? ಬ್ಯಾಂಡ್ ಏಡ್‌ನ ಹಾಡು ಆಫ್ರಿಕಾವನ್ನು ಹೊಳೆ ಹರಿಯದ, ಏನೂ ಬೆಳೆಯದ, ಕ್ರಿಸ್ಮಸ್ ಎಂಬುದೊಂದಿದೆ ಎಂದೇ ತಿಳಿಯದ ನೆಲವಾಗಿ ಬಣ್ಣಿಸುತ್ತದೆ. ನೀಲಿ ನೈಲ್ ಹುಟ್ಟುವುದೇ ಇಥಿಯೋಪಿಯಾದ ಟಾನಾ ಸರೋವರದಲ್ಲಿ. ಆ ದೇಶಕ್ಕೆ ಕ್ರೈಸ್ತ ಧರ್ಮ ಬಂದದ್ದು ನಾಲ್ಕನೇ ಶತಮಾನದಲ್ಲಿ. ಬಂಡೆಯಲ್ಲಿ ಕೊರೆದ ಲಾಲಿಬೆಲಾದ ಚರ್ಚುಗಳು ಇರುವುದು ಬರ ಬಡಿದ ಅದೇ ವೊಲ್ಲೊ ಪ್ರಾಂತದಲ್ಲಿ. ಅಲ್ಲಿನವರು ಜನವರಿ 7ರಂದು ತಮ್ಮ ಕ್ರಿಸ್ಮಸ್ ಆಚರಿಸುತ್ತಾರೆ. ಹಸಿದವರ ಬಗ್ಗೆ ಇಷ್ಟನ್ನೂ ವಿಚಾರಿಸದೆ ಕಟ್ಟಿದ ಹಾಡು ಹಣ ತಂದರೂ ಅವರ ಮುಖ ಅಳಿಸುತ್ತದೆ. ಘಾನಾ ಮೂಲದ ಗಾಯಕ ಫ್ಯೂಸ್ ಓಡಿಜಿ 2014ರಲ್ಲಿ ಎಬೋಲಾ ನೆರವಿಗೆ ಇದೇ ಹಾಡನ್ನು ಮತ್ತೆ ಹಾಡುವಾಗ ಸೇರಲು ಒಪ್ಪಲಿಲ್ಲ. ಅವರ ನೋವು ನನಗೆ ಅರ್ಥವಾಗುತ್ತದೆ. ಉತ್ತರ ಕರ್ನಾಟಕವೆಂದರೆ ಬರ, ಇಲ್ಲವೇ ನೆರೆ ಎಂದಷ್ಟೇ ತಿಳಿದವರನ್ನು ನಾವೂ ಕಂಡಿದ್ದೇವೆ.

‘ವಿ ಆರ್ ದ ವರ್ಲ್ಡ್’ ಹಾಡಿದ ಆ ಅಮೆರಿಕನ್ ರಾತ್ರಿಯ ಕುರಿತು 2024ರಲ್ಲಿ ‘ದ ಗ್ರೇಟೆಸ್ಟ್ ನೈಟ್ ಇನ್ ಪಾಪ್’ ಎಂಬ ಸಾಕ್ಷ್ಯಚಿತ್ರ ಬಂತು. ನೋಡಲು ಸೊಗಸಾದ ಚಿತ್ರ. ದೊಡ್ಡ ದೊಡ್ಡ ಗಾಯಕರು ತಮ್ಮ ಸರದಿಗೆ ಹೆದರಿ ನಿಂತಿರುವುದನ್ನು ಇಷ್ಟು ಹತ್ತಿರದಿಂದ ತೋರಿಸಿದ ಚಿತ್ರ ಇನ್ನೊಂದನ್ನು ನಾನು ನೋಡಿಲ್ಲ. ಅದರಲ್ಲಿ ಒಂದು ಗಳಿಗೆ ಬರುತ್ತದೆ. ಸ್ಟೀವಿ ವಂಡರ್ ಹಾಡಿಗೆ ಸ್ವಾಹಿಲಿ ಸಾಲು ಸೇರಿಸೋಣ ಎನ್ನುತ್ತಾರೆ. ಇಥಿಯೋಪಿಯಾದಲ್ಲಿ ಸ್ವಾಹಿಲಿ ಆಡುವುದಿಲ್ಲ ಎಂಬ ಮಾತು ಬರುತ್ತದೆ. ಮುಂದೆ ಅದೇ ಸ್ಟೀವಿ ವಂಡರ್ ಇಬ್ಬರು ಇಥಿಯೋಪಿಯಾದ ಹೆಂಗಸರನ್ನು ಸ್ಟುಡಿಯೊಕ್ಕೆ ಕರೆತರುತ್ತಾರೆ. ಅವರು ಧನ್ಯವಾದ ಹೇಳುತ್ತಾರೆ, ಗಾಯಕರ ಕಣ್ಣು ತುಂಬುತ್ತದೆ. ಆಮೇಲೆ ರೆಕಾರ್ಡಿಂಗ್ ಮುಂದುವರಿಯುತ್ತದೆ. ಮೈಕು ಅಷ್ಟು ಹತ್ತಿರವಿತ್ತು. ಆ ಇಬ್ಬರಲ್ಲಿ ಒಬ್ಬಳಿಗೆ ‘ಒಂದು ನುಡಿ ನೀನೂ ಹಾಡವ್ವಾ’ ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೆ, ಎರಡು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾದ ಹಾಡಿನಲ್ಲಿ ಆ ನೆಲದ ಒಂದು ದನಿ ಉಳಿಯುತ್ತಿತ್ತು. ಚಿತ್ರವೂ ಆ ಕೊರತೆಯ ಮುಂದೆ ಒಂದು ಕ್ಷಣ ನಿಲ್ಲದೆ ಸಾಗುತ್ತದೆ.

ಲೈವ್ ಏಡ್‌ನಲ್ಲಿ ಆಫ್ರಿಕಾದ ಕಲಾವಿದರು ಹೆಚ್ಚುಕಡಿಮೆ ಇರಲೇ ಇಲ್ಲ. ಹಾಡುವವರು ಇರಲಿಲ್ಲವೆಂದಲ್ಲ. ಕ್ಯಾಮೆರೂನಿನ ಮನು ಡಿಬಾಂಗೊ ಅದೇ ಸುಮಾರಿಗೆ ಆಫ್ರಿಕಾದ ಸಂಗೀತಗಾರರನ್ನು ಪ್ಯಾರಿಸ್ಸಿನಲ್ಲಿ ಕೂಡಿಸಿ ಇಥಿಯೋಪಿಯಾಕ್ಕಾಗಿಯೇ ಒಂದು ಹಾಡು ತಂದಿದ್ದರು. ಅದರ ಹೆಸರು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ? ಇಪ್ಪತ್ತು ವರ್ಷದ ನಂತರ, 2005ರ ಜುಲೈ 2ರಂದು ಲೈವ್ 8 ನಡೆದಾಗ, ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಪ್ರಸಿದ್ಧರು ಹಾಡಿದರು. ಆಫ್ರಿಕಾದ ಬಹುತೇಕ ಕಲಾವಿದರಿಗೆ ದೂರದ ಕಾರ್ನ್‌ವಾಲ್‌ನಲ್ಲಿ ಬೇರೆ ವೇದಿಕೆ ಹಾಕಲಾಯಿತು. ಲೈವ್ ಏಡ್‌ನಲ್ಲಿ ತೋರಿಸಿದ ವಿಡಿಯೊದಲ್ಲಿ ಸಾವಿನಂಚಿನ ಮಗುವಾಗಿ ಕಂಡಿದ್ದ ಬಿರ್ಹಾನ್ ವೋಲ್ಡು ಬೆಳೆದು, ಕೃಷಿ ಓದಿ, ಹೈಡ್ ಪಾರ್ಕಿನ ವೇದಿಕೆಯ ಮೇಲೆ ನಿಂತಳು. ಜಗತ್ತಿಗೆ ಅವಳು ಆಗಲೂ ಆ ವಿಡಿಯೊದ ಮಗುವೇ. ಅದೇ ಜುಲೈ ತಿಂಗಳ ಕೊನೆಗೆ ಕೃಷ್ಣೆ ಉಕ್ಕಿ ನಮ್ಮ ದಂಡೆಯ ಹಳ್ಳಿಗಳು ಮುಳುಗಿದವು. ನಾನು ಲೈವ್ 8ರ ಸುದ್ದಿ ಓದಿದ ದಿನಪತ್ರಿಕೆಗಳನ್ನೇ ಆಮೇಲೆ ಹಸಿ ನೆಲದ ಮೇಲೆ ಹಾಸಿ ಮಲಗಿದ್ದೆವು.

ಇನ್ನೂ ದೊಡ್ಡ ತಪ್ಪು ಕಾರಣವನ್ನು ಬಿಟ್ಟದ್ದು. ಇಥಿಯೋಪಿಯಾದಲ್ಲಿ ಮಳೆ ಹೋದದ್ದು ನಿಜ. ಟಿಗ್ರೆ ಮತ್ತು ವೊಲ್ಲೊಗಳಲ್ಲಿ ಮೆಂಗಿಸ್ತು ಸರ್ಕಾರ ಬಂಡಾಯಗಾರರ ಮೇಲೆ ಯುದ್ಧ ಹೂಡಿತ್ತು ಎಂಬುದೂ ನಿಜ. ಜನರನ್ನು ಬಲವಂತದಿಂದ ದಕ್ಷಿಣಕ್ಕೆ ಸಾಗಿಸುವುದನ್ನು ಖಂಡಿಸಿದ್ದಕ್ಕೆ ಫ್ರಾನ್ಸಿನ ‘ಮೆಡಿಸಾಂ ಸಾಂ ಫ್ರಾಂಟಿಯೇರ್’ ವೈದ್ಯರನ್ನು 1985ರ ಡಿಸೆಂಬರಿನಲ್ಲಿ ದೇಶದಿಂದ ಹೊರಹಾಕಲಾಯಿತು. ಹಾಡುಗಳಲ್ಲಿ ಇದರ ಸುಳಿವಿಲ್ಲ. ಬರ ಎಲ್ಲಿಂದಲೋ ಬಿದ್ದ ಶಾಪದಂತೆ ಅವುಗಳಲ್ಲಿ ಕಾಣುತ್ತದೆ.

ಇದಕ್ಕೆ ಬೇರೆ ದಾರಿಯೊಂದಿತ್ತು, ಅದೂ ನಮ್ಮ ಪಕ್ಕದಲ್ಲೇ. ಸಾಂಗಲಿ ಜಿಲ್ಲೆಯ ವಾಟೇಗಾಂವದ ಅಣ್ಣಾಭಾವು ಸಾಠೆ ಹೆಚ್ಚು ಶಾಲೆ ಕಾಣದವರು, ಮಾಂಗ ಸಮಾಜದವರು, ಪೋವಾಡ ಹಾಡುವ ಶಾಹೀರರು. 1943ರಲ್ಲಿ ಬಂಗಾಳದಲ್ಲಿ ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತಾಗ ಅವರು ‘ಬಂಗಾಲಚೀ ಹಾಕ’ ಕಟ್ಟಿದರು. ಬಂಗಾಳದ ಕೂಗು ಎಂದು ಅದರ ಅರ್ಥ. 1944ರಲ್ಲಿ ಅಮರ ಶೇಖ, ದ. ನಾ. ಗವಾಣಕರ ಅವರ ಜೊತೆ ಲಾಲ ಬಾವಟಾ ಕಲಾಪಥಕ ಕಟ್ಟಿ ಊರೂರು ಹಾಡಿದರು. ಶಾಹೀರರ ಡಫ್, ತುಂತುಣಿ ನಮ್ಮ ಗೀಗೀ ಮೇಳದವರಿಗೂ ಸೇರಿದವು. ಅಲ್ಲಿ ಪೋವಾಡಕ್ಕೆ ‘ಜೀ ಜೀ’, ಇಲ್ಲಿ ಲಾವಣಿಗೆ ‘ಗೀ ಗೀ’. ಎರಡನ್ನೂ ಕೇಳಿ ಬೆಳೆದ ಕಾಗವಾಡ ಸೀಮೆಯವರಿಗೆ ಅವು ಒಂದೇ ಮನೆಯ ಎರಡು ಬಾಗಿಲಿದ್ದಂತೆ. ಪೋವಾಡ, ಗೀಗೀ ಎರಡಕ್ಕೂ ಕಥೆ ಬೇಕು. ಯಾರು, ಯಾವ ಊರು, ಏನಾಯಿತು, ಯಾರು ಮಾಡಿದರು ಎಂದು ಹೇಳದೆ ಅವು ಮುಂದೆ ಸಾಗವು. ಹಾಗಾಗಿ ಆ ಧಾಟಿಯಲ್ಲಿ ಬರಗಾಲವನ್ನು ಹಾಡಿದರೆ ಕಾಳು ಬಚ್ಚಿಟ್ಟ ಸಾಹುಕಾರನೂ ಹಾಡಿನೊಳಗೆ ಬರಲೇಬೇಕು. ಆಂಗ್ಲ ಪಾಪ್ ಹಾಡು ಆ ಹಂಗಿಲ್ಲದೆ ಬರೀ ಭಾವದಲ್ಲಿ ಮುಗಿಯಬಲ್ಲದು.

ಅದೇ 1943ರಲ್ಲಿ ಹುಟ್ಟಿದ ಜನರಂಗಭೂಮಿ ಸಂಘ ಇಪ್ಟಾ ಬಂಗಾಳದ ಹಸಿದವರಿಗಾಗಿ ಹಾಡಿನ ತಂಡಗಳನ್ನು ದೇಶದ ತುಂಬ ಕಳಿಸಿ ನಿಧಿ ಕೂಡಿಸಿತು. 1946ರಲ್ಲಿ ಕೆ. ಎ. ಅಬ್ಬಾಸ್ ನಿರ್ದೇಶಿಸಿದ ‘ಧರತಿ ಕೆ ಲಾಲ್’ ಆ ಬರದ ಚಿತ್ರ. ಸಂಗೀತ ಆಗಿನ್ನೂ ತರುಣರಾಗಿದ್ದ ರವಿಶಂಕರ್ ಅವರದು. ಇಪ್ಪತ್ತೈದು ವರ್ಷದ ನಂತರ ಅದೇ ರವಿಶಂಕರ್ ನ್ಯೂಯಾರ್ಕಿನಲ್ಲಿ ಜಾರ್ಜ್ ಹ್ಯಾರಿಸನ್ ಜೊತೆ ಬಾಂಗ್ಲಾದೇಶಕ್ಕಾಗಿ ಕಚೇರಿ ಮಾಡಿದರು. ಅದು 1971ರ ಆಗಸ್ಟ್ 1, ಅಣ್ಣಾಭಾವು ಹುಟ್ಟಿದ ದಿನ. ಅವರು ತೀರಿಕೊಂಡು ಆಗ ಎರಡು ವರ್ಷವಾಗಿತ್ತು.

ಆ ಕಚೇರಿಯ ಚಿತ್ರವನ್ನು ನಾನು ಹಲವು ಸಲ ನೋಡಿದ್ದೇನೆ. ಅದರ ಮೊದಲ ಭಾಗಕ್ಕಾಗಿಯೇ ನೋಡುತ್ತೇನೆ. ರಾಕ್ ಸಂಗೀತಕ್ಕೆ ಕಾದು ಕೂತ ಸಾವಿರಾರು ಜನರ ಎದುರು ರವಿಶಂಕರ್, ಅಲಿ ಅಕ್ಬರ್ ಖಾನ್, ಅಲ್ಲಾ ರಖಾ, ತಂಬೂರಿಗೆ ಕಮಲಾ ಚಕ್ರವರ್ತಿ. ಶ್ರುತಿ ಮಾಡಿಕೊಂಡದ್ದಕ್ಕೇ ಜನ ಚಪ್ಪಾಳೆ ತಟ್ಟಿದರು. ರವಿಶಂಕರ್ ನಕ್ಕು, ಇದೇ ಇಷ್ಟು ಹಿಡಿಸಿದರೆ ನುಡಿಸುವುದು ಇನ್ನೂ ಹಿಡಿಸೀತು ಎಂಬರ್ಥದ ಮಾತು ಹೇಳಿದರು. ಆಮೇಲೆ ‘ಬಾಂಗ್ಲಾ ಧುನ್’ ಶುರುವಾಯಿತು. ಪೂರ್ವ ಬಂಗಾಳ ಅವರ ಹಿರಿಯರ ನೆಲ. ಗಡಿ ದಾಟಿ ಬಂದ ನಿರಾಶ್ರಿತರಲ್ಲಿ ಅವರ ಪರಿಚಯದವರೂ ಇದ್ದರು. ಮಿಜ್ರಾಬು ತಂತಿಗೆ ತಾಗುವಲ್ಲಿ ಕ್ಯಾಮೆರಾ ನಿಂತಾಗ, ಆ ದೇಶದ ಧಾಟಿಯೇ ವೇದಿಕೆ ಏರಿ ಕೂತಿದೆ ಎನ್ನಿಸುತ್ತದೆ. ಮುಂದೆ ಬಂದ ಯಾವ ದೊಡ್ಡ ನೆರವಿನ ಕಚೇರಿಯೂ ಕಷ್ಟದಲ್ಲಿದ್ದವರ ಸಂಗೀತಕ್ಕೆ ಹೀಗೆ ಮೊದಲ ಮಣೆ ಹಾಕಿದ್ದನ್ನು ನಾನು ಕಂಡಿಲ್ಲ. ಆದರೆ ಬಾಂಗ್ಲಾದೇಶದ ಆ ಕಚೇರಿಯ ವ್ಯವಸ್ಥೆಯಲ್ಲಿ ದೋಷವಿತ್ತು. ಟಿಕೆಟ್ಟಿನ ಹಣ ಸುಮಾರು 2.43 ಲಕ್ಷ ಡಾಲರ್ ಬೇಗ ಯುನಿಸೆಫ್‌ಗೆ ಸೇರಿತು. ಧ್ವನಿಮುದ್ರಿಕೆ ಮತ್ತು ಚಿತ್ರದ ಹಣ ತೆರಿಗೆಯ ತಕರಾರಿನಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿತು. ಹಸಿವಿಗೆ ಅಷ್ಟು ವರ್ಷ ಕಾಯಲು ಬರುವುದಿಲ್ಲ. ಇದನ್ನು ಮರೆಸಿ ಆ ಕಚೇರಿಯನ್ನು ಹೊಗಳಲಾರೆ.

ಕನ್ನಡದಲ್ಲಿ ನಿಧಿಗಾಗಿ ರಸಮಂಜರಿ ಮಾಡುವ ಸಂಪ್ರದಾಯ ಹಳೆಯದು. ರಾಜ್‌ಕುಮಾರ್ ಅವರ ರಸಮಂಜರಿಗಳಿಂದ ಬಂದ ಹಣ ಸಮಾಜದ ಕೆಲಸಕ್ಕೆ ಹೋಯಿತು, ಅದರ ಬಗ್ಗೆ ಗೌರವವಿದೆ. ಆದರೆ ನೆರೆಗಾಗಿ ನಡೆದ ರಸಮಂಜರಿಗಳಲ್ಲಿ ನಾನು ನೆರೆಯ ಹಾಡು ಕೇಳಿಲ್ಲ. ಜನಪ್ರಿಯ ಚಿತ್ರಗೀತೆಗಳೇ ಇರುತ್ತವೆ. ಕಷ್ಟ ಬ್ಯಾನರಿನ ಮೇಲೆ, ಹಾಡು ಬೇರೆ ಕಡೆ. ಕಂಪನಿ ನಾಟಕಗಳ ಸಹಾಯಾರ್ಥ ಪ್ರಯೋಗಗಳೂ ಹೆಚ್ಚಾಗಿ ಹಾಗೆಯೇ.

ಕಾರಣ ಕೇಳಿದ ಕನ್ನಡ ಚಿತ್ರವೆಂದರೆ ಎಂ. ಎಸ್. ಸತ್ಯು ಅವರ ‘ಬರ’. ಅನಂತಮೂರ್ತಿಯವರ ಕಥೆ, ಜಿಲ್ಲಾಧಿಕಾರಿಯಾಗಿ ಅನಂತನಾಗ್. ಇಥಿಯೋಪಿಯಾದ ಚಿತ್ರಗಳು ಜಗತ್ತಿಗೆ ಕಾಣುವ ಎರಡು ವರ್ಷ ಮೊದಲು, 1982ರಲ್ಲಿ ಬಂದದ್ದು. ಜಿಲ್ಲೆಯನ್ನು ಬರಪೀಡಿತ ಎಂದು ಘೋಷಿಸಿ ಎಂದು ಬೇಡುವ ಅಧಿಕಾರಿಗೆ ಎದುರಾಗುವುದು ಬಿಸಿಲಿಗಿಂತ ಹೆಚ್ಚಾಗಿ ರಾಜಕಾರಣ, ಕಾಳಸಂತೆ. ಆ ಚಿತ್ರ ಯಾರಿಗೂ ಒಂದು ಸೇರು ಜೋಳ ಕೂಡಿಸಿಕೊಡಲಿಲ್ಲ. ಆದರೆ ಅದನ್ನು ನೋಡಿದವರು ಬರವನ್ನು ಬರೀ ಮಳೆಯ ಲೆಕ್ಕದಲ್ಲಿ ನೋಡುವುದು ಕಷ್ಟ. 1791-92ರ ಡೋಗಿ ಬರದ ನೆನಪನ್ನು ಅಜ್ಜ-ಅಜ್ಜಿಯರ ಮಾತಿನಲ್ಲಿ ಉಳಿಸಿಕೊಂಡ ಈ ಸೀಮೆಯಲ್ಲಿ ‘ಬರ’ ಊರೂರಿಗೆ ಪರದೆ ಕಟ್ಟಿ ತೋರಿಸಬೇಕಾದ ಚಿತ್ರ.

ಭಜನಿಯ ಮಂದಿ ಆ ಓಣಿಗಳಿಂದ ಎತ್ತಿದ್ದು ಒಂದು ಟ್ರ್ಯಾಕ್ಟರು ತುಂಬ ಸಾಮಾನು, ಸ್ವಲ್ಪ ರೊಕ್ಕ. ಡ್ರೋನ್ ವಿಡಿಯೊ ಅದಕ್ಕಿಂತ ಬಹಳ ಹೆಚ್ಚು ತಂದಿರಬಹುದು. ಹಣ ಕೂಡಿಸುವಲ್ಲಿ ದೊಡ್ಡ ವೇದಿಕೆಗೆ ಸಮನಾದದ್ದಿಲ್ಲ, ಒಪ್ಪುತ್ತೇನೆ. ಆ ವೇದಿಕೆಯ ಮೇಲೆ ಮುಳುಗಿದ ಊರಿನ ಒಬ್ಬರನ್ನು ಕೂಡಿಸಿ, ಅವರ ಬಾಯಿಂದ ಒಂದು ನುಡಿ ಹಾಡಿಸಲು ಖರ್ಚೇನೂ ಇಲ್ಲ. ನೆರೆಗೆ ಆಲಮಟ್ಟಿಯ ಹಿನ್ನೀರು ಕಾರಣವೋ, ಮೇಲಿನ ಅಣೆಕಟ್ಟುಗಳು ಒಮ್ಮೆಲೇ ಬಿಟ್ಟ ನೀರು ಕಾರಣವೋ ಎಂದು ಎರಡು ರಾಜ್ಯಗಳು ಜಗಳಾಡುವಾಗ, ಆ ಪ್ರಶ್ನೆ ಹಾಡಿನಲ್ಲಿಯೂ ಇರಲಿ ಎಂದು ಕೇಳುವುದು ಹೆಚ್ಚಲ್ಲ.

ಸಾಮಾನು ಇಳಿಸಲು ಶಾಲೆಗೆ ಹೋದಾಗ ನಾನೂ ಜೊತೆಗಿದ್ದೆ. ಬೆಂಚುಗಳನ್ನು ಗೋಡೆಗೆ ಸರಿಸಿ ಚಾಪೆ ಹಾಸಿದ್ದರು. ಕಪ್ಪು ಹಲಗೆಯ ಮೇಲೆ ಹಿಂದಿನ ವಾರದ ಗುಣಾಕಾರ ಹಾಗೇ ಇತ್ತು. ಅಲ್ಲಿದ್ದವರು ಕೇಳಿದರೆಂದು ಭಜನಿಯವರು ಅದೇ ಹಾಡು ಮತ್ತೆ ಹಾಡಿದರು. ಮುಗಿದ ಮೇಲೆ ಜುಗೂಳದ ಕಡೆಯ ಮುದುಕಿಯೊಬ್ಬಳು ಪೇಟಿ ನುಡಿಸುವವನ ತೋಳು ಹಿಡಿದು ಕೂಡಿಸಿದಳು.

“ತಮ್ಮಾ, ಊರ ಹೆಸರ ತಗೊಂಡಿ, ಚೊಲೋ ಆತು. ನನ್ನ ಎಮ್ಮಿ ಹೋತಲ್ಲೋ, ಗೌರಿ. ಅಕಿ ಹೆಸರ ಬಿಟ್ಟಿ ನೋಡು.”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಪೇಟಿಯ ಬಾತೆ ಮತ್ತೆ ಬಿಚ್ಚಿ, ಅವಳನ್ನೇ ಕೇಳುತ್ತ ನುಡಿ ಕಟ್ಟತೊಡಗಿದ. ಎಮ್ಮೆಗೆ ಎಷ್ಟು ವಯಸ್ಸು, ಹೊತ್ತಿಗೆ ಎಷ್ಟು ಹಾಲು, ಹಗ್ಗ ಬಿಚ್ಚಿದ್ದು ಯಾರು. ಮೂರನೇ ಸಾಲಿಗೆ ಧಾಟಿ ಸಿಕ್ಕಿತು, ಮುದುಕಿಯೂ ದನಿಗೂಡಿಸಿದಳು.