ಐವತ್ತನೆಯ ನಂಬರಿನ ಹಡಗು

ಹಡಗಿನ ಹೆಸರನ್ನು ನಂಬಬೇಡಿ, ಕಟ್ಟಿದವರು ಕೊಟ್ಟ ನಂಬರನ್ನು ಕೇಳಿ. ಹಡಗಿನ ಹುಚ್ಚು ಹತ್ತಿಸಿಕೊಂಡವರಿಗೆ ಇದು ಮೊದಲ ಪಾಠ. ಮಾಲೀಕರು ಬದಲಾದಾಗಲೆಲ್ಲ ಬಣ್ಣ ಬದಲಾಗುತ್ತದೆ, ಹೆಸರೂ ಬದಲಾಗುತ್ತದೆ. ಗುಜರಿ ಸೇರುವವರೆಗೂ ಉಳಿಯುವುದು ನಂಬರೊಂದೇ. ಈ ವಾರದ ಕಥಾನಾಯಕಿಯ ನಂಬರು 050. ಊರು ಆಸ್ಟ್ರೇಲಿಯದ ಟಾಸ್ಮೇನಿಯಾ ದ್ವೀಪದ ಹೋಬಾರ್ಟ್, ಕಟ್ಟಿದ್ದು ಇನ್‌ಕ್ಯಾಟ್ ಕಂಪನಿ, ಹುಟ್ಟಿದ ವರ್ಷ 1998. ಉದ್ದ 96 ಮೀಟರ್, ಮೈಯೆಲ್ಲ ಅಲ್ಯೂಮಿನಿಯಂ. ಕಾರು, ಬೈಕು, ಜನ ಎಲ್ಲವನ್ನೂ ಹೊತ್ತು ಓಡುವ ಕ್ಯಾಟಮರಾನ್ ಫೆರ್ರಿ.

ನೀರಲ್ಲಿ ಎರಡು ಸಪೂರ ಒಡಲು, ಅವೆರಡನ್ನೂ ಜೋಡಿಸಿ ಮೇಲೆ ಅಗಲವಾದ ಡೆಕ್ಕು. ಮಾಮೂಲಿ ಹಡಗು ಅಲೆ ಬಂದರೆ ಹತ್ತಿ ಇಳಿಯುತ್ತದೆ. ಈ ಜಾತಿಯ ಚೂಪು ಮೂತಿಗಳು ಅಲೆಯನ್ನು ಸೀಳಿಕೊಂಡೇ ನುಗ್ಗುತ್ತವೆ. ನಟ್ಟನಡುವೆ, ನೀರಿಗೆ ತಾಗದಷ್ಟು ಮೇಲೆ, ಮೂರನೆಯ ಮೂತಿಯೊಂದಿದೆ. ಮುಂಭಾಗ ತೀರಾ ಮುಳುಗಿದರೆ ಎತ್ತಿ ಹಿಡಿಯುವುದು ಅದರ ಕೆಲಸ. ಹಿಂದೆ ತಿರುಗುವ ಪ್ರೊಪೆಲ್ಲರ್ ಇಲ್ಲ, ನೀರನ್ನು ಒಳಗೆಳೆದು ಹಿಂದಕ್ಕೆ ರಾಚುವ ವಾಟರ್‌ಜೆಟ್‌ಗಳಿವೆ. ಒಂದೇ ನಂಬರು ಮುಂಚಿನ ಅಕ್ಕ 049 ಅದೇ ವರ್ಷದ ಜುಲೈಯಲ್ಲಿ ಅಟ್ಲಾಂಟಿಕ್ ಸಾಗರವನ್ನು ಸರಾಸರಿ 41 ನಾಟ್, ಅಂದರೆ ಗಂಟೆಗೆ 76 ಕಿ.ಮೀ. ವೇಗದಲ್ಲಿ ದಾಟಿ ಹೇಲ್ಸ್ ಟ್ರೋಫಿ ಗೆದ್ದಿತ್ತು. (ಕಡಲು ಕೆರಳಿದಾಗ ಈ ಹಡಗುಗಳ ಒಳಗಿರುವವರ ಪಾಡನ್ನು ಟ್ರೋಫಿ ಕೊಡುವವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ರಯಾಣಿಕರು ಇವಕ್ಕೆ ಇಟ್ಟಿರುವ ಅಡ್ಡಹೆಸರುಗಳೆಲ್ಲ ವಾಂತಿಯ ಸುತ್ತಲೇ ಸುತ್ತುತ್ತವೆ.)

ಹೀಗೆ ವೇಗವನ್ನೇ ತೋರಿಸಿ ಮಾರಿದ ಹಡಗು ಇದು. ಆದರೆ 050ರ ಜಾತಕ ಓದುತ್ತ ಹೋದರೆ ಅದನ್ನು ಕಾಪಾಡಿದ್ದು ವೇಗವಲ್ಲ ಅನ್ನಿಸುತ್ತದೆ.

ಮೊದಲ ಹೆಸರು ಡೆವಿಲ್ ಕ್ಯಾಟ್. ಆಸ್ಟ್ರೇಲಿಯದ ನೆಲಕ್ಕೂ ಟಾಸ್ಮೇನಿಯಾಕ್ಕೂ ನಡುವಿನ ಬಾಸ್ ಜಲಸಂಧಿಯಲ್ಲಿ ಕೆಲಸ. 1999ರಲ್ಲಿ ನ್ಯೂಜಿಲೆಂಡಿಗೆ ಹೋಗಿ ಟಾಪ್ ಕ್ಯಾಟ್ ಆಯಿತು, ವೆಲಿಂಗ್ಟನ್‌ನಿಂದ ಪಿಕ್ಟನ್‌ಗೆ. ಅಲ್ಲಿನ ತಕರಾರು ಸ್ವಾರಸ್ಯದ್ದು. ಪಿಕ್ಟನ್ ಇರುವುದು ಮಾರ್ಲ್‌ಬರೋ ಸೌಂಡ್ಸ್ ಎಂಬ ಇಕ್ಕಟ್ಟಾದ ಕಡಲತೋಳುಗಳ ಒಳಗೆ. ವೇಗದ ಹಡಗು ಎಬ್ಬಿಸುವ ಅಲೆ ಆಳದ ನೀರಿನಲ್ಲಿ ಕಣ್ಣಿಗೇ ಬೀಳದಷ್ಟು ತಗ್ಗು, ಆದರೆ ಬಲು ಉದ್ದ. ಹಡಗು ಕಣ್ಮರೆಯಾದ ಮೇಲೆ ದಡದ ತೆಳು ನೀರಿಗೆ ಬಂದು ಮೇಲೇಳುತ್ತದೆ. ಮರಳು ಕೊಚ್ಚುತ್ತದೆ, ಕಟ್ಟಿಹಾಕಿದ ದೋಣಿಗಳನ್ನು ಜಗ್ಗುತ್ತದೆ. ದಡದ ಜನ ಟಾಪ್ ಕ್ಯಾಟ್ ಬರುವುದಕ್ಕೆ ವರ್ಷಗಳ ಮುಂಚಿನಿಂದಲೇ ಇಂಥ ಫೆರ್ರಿಗಳ ಮೇಲೆ ದೂರುತ್ತಿದ್ದರು, ಕೋರ್ಟಿಗೂ ಹೋಗಿದ್ದರು. ಕೊನೆಗೆ 2000ದಲ್ಲಿ ಸ್ಥಳೀಯ ಆಡಳಿತ 18 ನಾಟ್‌ಗಳ ಮಿತಿ ಹಾಕಿತು. ನಲವತ್ತರ ಆಸುಪಾಸಿನಲ್ಲಿ ಓಡಲೆಂದು ಕಟ್ಟಿದ ಹಡಗಿಗೆ ಹದಿನೆಂಟೆಂದರೆ ಡೀಸೆಲ್ಲಿನ ದುಡ್ಡೂ ದಂಡವೇ. ಟಾಪ್ ಕ್ಯಾಟ್‌ನ ಓಡಾಟ ಆ ವರ್ಷವೇ ಮುಗಿಯಿತು.

ಅಲ್ಲಿಗೆ ಮೂಲೆ ಸೇರಬೇಕಿದ್ದ ಹಡಗಿನ ಕೈ ಹಿಡಿದದ್ದು ಅಮೆರಿಕದ ಸೇನೆ. 1999ರಲ್ಲಿ ಪೂರ್ವ ಟಿಮೋರ್ ಹೊತ್ತಿ ಉರಿಯುವಾಗ ಆಸ್ಟ್ರೇಲಿಯದ ನೌಕಾಪಡೆ ಇನ್‌ಕ್ಯಾಟ್‌ನ ಇನ್ನೊಂದು ಫೆರ್ರಿಯನ್ನು ಬಾಡಿಗೆಗೆ ಹಿಡಿದು, ಜರ್ವಿಸ್ ಬೇ ಎಂದು ಹೆಸರಿಟ್ಟು, ಡಾರ್ವಿನ್‌ನಿಂದ ಟಿಮೋರಿನ ದಿಲಿಗೆ ಸೈನಿಕರನ್ನೂ ವಾಹನಗಳನ್ನೂ ಸಾಗಿಸಿತ್ತು. ಅಮೆರಿಕದವರು ಅದನ್ನು ನೋಡಿಟ್ಟುಕೊಂಡಿದ್ದರು. 2001ರಲ್ಲಿ 050 ಅನ್ನು ಗುತ್ತಿಗೆಗೆ ಹಿಡಿದು, ಹೆಲಿಕಾಪ್ಟರ್ ಇಳಿಯಲು ಡೆಕ್ಕು ಕಟ್ಟಿಸಿ, ಹಿಂಬದಿಗೆ ಹೊಸ ರ್‍ಯಾಂಪ್ ಹಾಕಿಸಿ, ಜಾಯಿಂಟ್ ವೆಂಚರ್ ಎಂದು ಕರೆದರು. ಭೂಸೇನೆ, ನೌಕಾಪಡೆ, ಮರೀನ್ ದಳ ಎಲ್ಲರೂ ಅದನ್ನು ಬಳಸಿ ನೋಡಿದರು. 2003ರ ಇರಾಕ್ ಯುದ್ಧದ ಹೊತ್ತಿಗೆ ಅದು ಪರ್ಷಿಯನ್ ಕೊಲ್ಲಿಯಲ್ಲಿತ್ತು.

ಇಲ್ಲೇ ನನ್ನ ವಾದ. ಈ ಹಡಗಿನ ಬಂಡವಾಳ ಅದರ ಕಾರ್ ಡೆಕ್ಕು. ಅದೊಂದು ಖಾಲಿ ಕಲ್ಯಾಣ ಮಂಟಪ. ಬಾಡಿಗೆಗೆ ಹಿಡಿದವರು ತಮ್ಮ ಸಂಭ್ರಮವನ್ನೋ ಸಂಕಟವನ್ನೋ ತಾವೇ ತಂದು ತುಂಬಿಕೊಳ್ಳಬಹುದು. ಒಡಲು ನೀರಿನಲ್ಲಿ ಹೆಚ್ಚು ಆಳಕ್ಕೆ ಇಳಿಯದ ಕಾರಣ ಸಣ್ಣ ಬಂದರಿಗೂ ನುಗ್ಗಬಹುದು. ಐರಿಷ್ ಕಡಲಿನಲ್ಲಿ ಸ್ಟೀನಾ ಕಂಪನಿಯ ಎಕ್ಸ್‌ಪ್ಲೋರರ್ ಎಂಬ ಭಾರೀ ಕ್ಯಾಟಮರಾನ್ ಗ್ಯಾಸ್ ಟರ್ಬೈನ್ ಬಲದಿಂದ ಓಡುತ್ತಿತ್ತು. ಇಂಧನದ ಖರ್ಚು ತಿಂದುಹಾಕಿದ್ದರಿಂದ 2014ರಲ್ಲಿ ನಿಂತೇಹೋಯಿತು. ಡೀಸೆಲ್ ಎಂಜಿನ್ನಿನ 050 ಇನ್ನೂ ಅದೇ ಕಡಲಲ್ಲಿದೆ.

ಹೌದು, ಅದೇ ಕಡಲಲ್ಲಿ. ಸೈನ್ಯದ ಕೆಲಸ ಮುಗಿಸಿ ಬಂದ ಅದನ್ನು 2008ರಲ್ಲಿ ಐಲ್ ಆಫ್ ಮ್ಯಾನ್ ಸ್ಟೀಮ್ ಪ್ಯಾಕೆಟ್ ಕಂಪನಿ 2 ಕೋಟಿ ಪೌಂಡಿಗೆ ಕೊಂಡಿತು. 1830ರಿಂದ ನಡೆಯುತ್ತಿರುವ ಕಂಪನಿ ಅದು. 2018ರಿಂದ ದ್ವೀಪದ ಸರ್ಕಾರದ್ದೇ. ದ್ವೀಪದವರ ಕಡಲದೇವರ ಹೆಸರು, ಮನಾನನ್ ಎಂದಿಟ್ಟು, 2009ರ ಮೇ ತಿಂಗಳಲ್ಲಿ ಓಡಿಸಲು ತೊಡಗಿದರು. ದ್ವೀಪದ ಡಗ್ಲಸ್‌ನಿಂದ ಲಿವರ್‌ಪೂಲ್‌ಗೆ ಮೂರು ಗಂಟೆಯೊಳಗೆ. ಟಿಟಿ ಮೋಟಾರ್‌ಸೈಕಲ್ ರೇಸಿನ ದಿನಗಳಲ್ಲಿ ಸೈನಿಕ ವಾಹನಗಳು ನಿಂತಿದ್ದ ಜಾಗದಲ್ಲಿ ಸಾಲುಸಾಲು ಬೈಕುಗಳು ಪಟ್ಟಿ ಬಿಗಿಸಿಕೊಂಡು ನಿಲ್ಲುತ್ತವೆ. 2016ರ ಮಾರ್ಚಿನಲ್ಲಿ ಡಗ್ಲಸ್ ಬಂದರಿನೊಳಗೆ ಹಿಡಿತ ತಪ್ಪಿ ಧಕ್ಕೆಗೆ ಗುದ್ದಿ ಕೆಲವರಿಗೆ ಗಾಯವಾದದ್ದೂ ಉಂಟು. ಚಳಿಗಾಲದ ತೆರೆಗಳಿಗೆ ಇದು ಹೇಳಿಸಿದ್ದಲ್ಲ; ನವೆಂಬರಿನಿಂದ ಮಾರ್ಚ್‌ವರೆಗೆ ರಜೆ. ಆಗ ಸೇವೆ ನಡೆಸುವುದು ಸಾವಕಾಶವಾಗಿ ಹೋಗುವ ಮಾಮೂಲಿ ಹಡಗೇ.

ಇತ್ತ ಜಾಯಿಂಟ್ ವೆಂಚರ್ ಹಾಕಿಕೊಟ್ಟ ದಾರಿಯಲ್ಲಿ ಅಮೆರಿಕ ಸ್ಪಿಯರ್‌ಹೆಡ್ ವರ್ಗದ ಹಡಗುಗಳನ್ನು ಕಟ್ಟಿಸಿತು. ಆರ್ಡರು ಸಿಕ್ಕಿದ್ದು ಇನ್‌ಕ್ಯಾಟ್‌ನ ಪ್ರತಿಸ್ಪರ್ಧಿ ಆಸ್ಟಲ್‌ಗೆ. ಇನ್‌ಕ್ಯಾಟ್ 2025ರ ಮೇಯಲ್ಲಿ 096 ನಂಬರಿನ ಚೀನಾ ಸೊರಿಯಾ ಎಂಬ ಹಡಗನ್ನು ನೀರಿಗಿಳಿಸಿದೆ. 130 ಮೀಟರ್ ಉದ್ದ, ಪೂರ್ತಿ ಬ್ಯಾಟರಿ, ಅರ್ಜೆಂಟೀನಾ ಮತ್ತು ಉರುಗ್ವೆ ನಡುವಿನ ಓಡಾಟಕ್ಕೆ. ಹಿಡಿಸುವುದು 2,100 ಜನ, 225 ವಾಹನ. ವೇಗ ಸುಮಾರು 25 ನಾಟ್. ಟ್ರೋಫಿ ಗೆದ್ದ ಕಾರ್ಖಾನೆಯೇ ಈಗ ಓಟ ಬಿಟ್ಟು ಜಾಗವನ್ನು ಮಾರುತ್ತಿದೆ.