ಸ್ಯಮಂತಕ ಯಾರ ಕೈಲಿದೆ?

ಗಣೇಶನ ಹಬ್ಬ ಹತ್ತಿರ ಬಂತೆಂದರೆ ವಾಟ್ಸಾಪಿನಲ್ಲಿ ಒಂದು ಸುದ್ದಿ ಹರಿದಾಡತೊಡಗುತ್ತದೆ: ಕೃಷ್ಣನ ಮೇಲೆ ಅಪವಾದ ಹೊರಿಸಿದ ಸ್ಯಮಂತಕ ಮಣಿಯೇ ಇವತ್ತಿನ ಕೊಹಿನೂರ್ ವಜ್ರ. ಜ್ಯೋತಿಷ್ಯದ ಕಡೆಯವರು ಇದನ್ನು ಒಪ್ಪುವುದಿಲ್ಲ. ಸೂರ್ಯ ಕೊಟ್ಟ ಮಣಿ ಎಂದ ಮೇಲೆ ಅದು ಮಾಣಿಕ್ಯವೇ ಆಗಿರಬೇಕು ಎಂಬುದು ಅವರ ವಾದ. ಎರಡೂ ಕೇಳಲು ಸೊಗಸಾಗಿವೆ. ಆದರೆ ಎರಡೂ ಕಡೆಯವರು ಪುರಾಣದ ಪುಟ ತಿರುವಿ ನೋಡಿದಂತೆ ಕಾಣುವುದಿಲ್ಲ.

ಈ ಕಥೆ ವಿಸ್ತಾರವಾಗಿ ಸಿಗುವುದು ವಿಷ್ಣುಪುರಾಣದ ನಾಲ್ಕನೆಯ ಅಂಶದ 13ನೆಯ ಅಧ್ಯಾಯದಲ್ಲಿ, ಭಾಗವತದ ದಶಮಸ್ಕಂಧದ 56 ಮತ್ತು 57ನೆಯ ಅಧ್ಯಾಯಗಳಲ್ಲಿ. ಮಣಿಯ ಹೊಳಪಿನ ವರ್ಣನೆ ಬೇಕಾದಷ್ಟಿದೆ. ಸೂರ್ಯನಿಂದ ಮಣಿ ಪಡೆದ ಯಾದವ ಸತ್ರಾಜಿತ ಅದನ್ನು ಕೊರಳಿಗೆ ಹಾಕಿಕೊಂಡು ದ್ವಾರಕೆಗೆ ಬಂದಾಗ, ಸೂರ್ಯನೇ ಕೃಷ್ಣನನ್ನು ನೋಡಲು ಬರುತ್ತಿದ್ದಾನೆಂದು ಜನ ಭ್ರಮಿಸುತ್ತಾರೆ. ಕಲ್ಲಿನ ಬಣ್ಣ, ತೂಕ, ಆಕಾರಗಳ ಬಗ್ಗೆ ಮಾತ್ರ ಚಕಾರವಿಲ್ಲ. ರತ್ನಗಳ ವಿಷಯ ತಿಳಿಯದ ಕಾಲವೇ ಅದು? ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಜ್ರ, ಮುತ್ತು, ಪದ್ಮರಾಗ, ಮರಕತಗಳಿಗೆ ಒಂದೊಂದು ಅಧ್ಯಾಯ ಮೀಸಲಾಗಿದೆ. ಗರುಡಪುರಾಣವಂತೂ ಬಲಾಸುರನ ಮೈಯಿಂದ ರತ್ನಗಳು ಹುಟ್ಟಿದ ಕಥೆಯಿಂದ ಹಿಡಿದು ಅವುಗಳ ಗುಣದೋಷದವರೆಗೆ ಹೇಳುತ್ತದೆ. ಮಾಣಿಕ್ಯವೇ ಆದ ಪದ್ಮರಾಗ ಎನ್ನಬೇಕಿದ್ದರೆ ಪದಕ್ಕೇನೂ ಬರವಿರಲಿಲ್ಲ. ಸೂರ್ಯನಿಗೆ ಮಾಣಿಕ್ಯ, ಚಂದ್ರನಿಗೆ ಮುತ್ತು ಎಂಬ ಉಂಗುರದಂಗಡಿಯ ಪಟ್ಟಿಯನ್ನು ಈ ಕಥೆಯ ಮೇಲೆ ಹೇರುತ್ತಿರುವವರು ನಾವು.

ಕೊಹಿನೂರಿನ ವಾದ ಇನ್ನೂ ದುರ್ಬಲ. ಅದರ ಖಚಿತ ಚರಿತ್ರೆ ತೆರೆದುಕೊಳ್ಳುವುದೇ 1739ರಲ್ಲಿ, ನಾದಿರ್ ಷಾ ದೆಹಲಿಯನ್ನು ದೋಚಿದಾಗ. ಅದಕ್ಕೂ ಹಿಂದಿನದರಲ್ಲಿ ಊಹೆಯೇ ಹೆಚ್ಚು. 1849ರಲ್ಲಿ ಬಾಲಕ ದುಲೀಪ್ ಸಿಂಗನಿಂದ ಬ್ರಿಟಿಷರ ಪಾಲಾದಾಗ ಸುಮಾರು 186 ಕ್ಯಾರಟ್ ಇದ್ದದ್ದು, ಹೊಳಪು ಸಾಲದೆಂದು 1852ರಲ್ಲಿ ಮತ್ತೆ ಕತ್ತರಿಸಿದಾಗ 105.6ಕ್ಕೆ ಇಳಿಯಿತು. ಇಡೀ ದ್ವಾರಕೆಯ ಕಣ್ಣು ಕೋರೈಸಿದ ಮಣಿಗೆ ಹೊಳಪು ಸಾಲದೆ ಸಾಣೆ ಹಿಡಿಸಬೇಕಾಯಿತು ಎಂದರೆ ನಗು ಬರುತ್ತದೆ. ಕೈಯಿಂದ ಕೈಗೆ ರಕ್ತ ಹರಿಸುತ್ತ ದಾಟಿತು ಎಂಬುದೊಂದೇ ಇಲ್ಲಿರುವ ಹೋಲಿಕೆ. ಆ ಒಂದು ಗುಣ ಸಾಕೆಂದರೆ ಜಗತ್ತಿನ ಅರ್ಧ ಖಜಾನೆ ಸ್ಯಮಂತಕವೇ.

ಹಾಗಾದರೆ ಪುರಾಣ ಈ ಮಣಿಯನ್ನು ಗುರುತಿಸುವುದು ಹೇಗೆ? ಅದು ಮಾಡುವ ಕೆಲಸದಿಂದ. ದಿನಕ್ಕೆ ಎಂಟು ಭಾರ ಚಿನ್ನ ಕೊಡುತ್ತದೆ. ನೂರು ಪಲಕ್ಕೆ ಒಂದು ತುಲಾ, ಇಪ್ಪತ್ತು ತುಲಾಕ್ಕೆ ಒಂದು ಭಾರ ಎಂಬ ಅಮರಕೋಶದ ಲೆಕ್ಕ ಹಿಡಿದರೆ 16,000 ಪಲ. ಅದು ಇದ್ದ ನಾಡಿಗೆ ರೋಗ, ಬರ, ಕಳ್ಳಕಾಕರ ಭಯವಿಲ್ಲ. ವಿಷ್ಣುಪುರಾಣ ಇದಕ್ಕೊಂದು ಷರತ್ತು ಹಾಕುತ್ತದೆ: ಶುಚಿಯಾಗಿ ಧರಿಸಿದವನಿಗೆ ಮಾತ್ರ ಈ ಫಲ, ಅಶುಚಿಯಾದವನಿಗೆ ಸಾವು. ಇಡೀ ಕಥೆಯ ಕೀಲು ಇರುವುದು ಇಲ್ಲಿ. ಸತ್ರಾಜಿತನ ತಮ್ಮ ಪ್ರಸೇನ ಮಣಿ ಧರಿಸಿ ಬೇಟೆಗೆ ಹೋಗಿ ಸಿಂಹಕ್ಕೆ ಬಲಿಯಾಗುತ್ತಾನೆ. ಕೃಷ್ಣನೇ ಕೊಂದಿರಬೇಕೆಂದು ಊರು ಗುಸುಗುಸು ಶುರುಮಾಡುತ್ತದೆ.

ಮುಂದಿನದು ಪತ್ತೇದಾರಿಯನ್ನೂ ಮೀರಿಸುವ ಭಾಗ. ಕೃಷ್ಣ ಯಾದವರನ್ನು ಜೊತೆಗೆ ಕರೆದುಕೊಂಡೇ ಹೊರಡುತ್ತಾನೆ, ಸಾಕ್ಷಿಗಳಿರಲಿ ಎಂದು. ಕುದುರೆಯ ಗೊರಸಿನ ಗುರುತು, ಸಿಂಹದ ಹೆಜ್ಜೆ, ಸತ್ತುಬಿದ್ದ ಸಿಂಹ, ಅಲ್ಲಿಂದ ಕರಡಿಯ ಹೆಜ್ಜೆ, ಗುಹೆ. ಒಳಗೆ ಕರಡಿಗಳ ರಾಜ ಜಾಂಬವಂತನ ಮಗುವನ್ನು ರಮಿಸುತ್ತಿರುವ ದಾದಿಯ ಕೈಯಲ್ಲಿ ಮಣಿ ಉರಿಯುತ್ತಿದೆ. ಅವಳು ಹಾಡುತ್ತಿರುವ ಜೋಗುಳದಲ್ಲೇ ಯಾರು ಯಾರನ್ನು ಕೊಂದರು ಎಂಬ ವಿವರ ಬಂದುಬಿಡುತ್ತದೆ. ದ್ವಾರಕೆ ಯಾವುದಕ್ಕಾಗಿ ಕೃಷ್ಣನನ್ನು ಕಳ್ಳನೆಂದಿತೋ ಅದು ಇಲ್ಲಿ ಮಗುವಿನ ಆಟಿಕೆ. ಮಣಿಯ ಬೆಲೆಯ ಬಗ್ಗೆ ಇಷ್ಟು ಹರಿತವಾದ ಟೀಕೆಯನ್ನು ಯಾವ ರತ್ನಶಾಸ್ತ್ರವೂ ಬರೆದಿಲ್ಲ.

ನಮ್ಮ ರಂಗದ ಮೇಲೆ ಕಥೆ ಪ್ರಸಿದ್ಧವಾದದ್ದು ಈ ಗುಹೆಯಿಂದ ಹೊರಟ ಮದುವೆಯಿಂದ, ಜಾಂಬವಂತನ ಮಗಳು ಜಾಂಬವತಿಯನ್ನು ಕೃಷ್ಣ ವರಿಸಿದ್ದರಿಂದ. ಕೃಷ್ಣದೇವರಾಯನ ಹೆಸರಿನ ಸಂಸ್ಕೃತ ನಾಟಕ ಜಾಂಬವತಿಯ ಕಲ್ಯಾಣದ್ದು. ಯಕ್ಷಗಾನದ ಪ್ರಸಂಗವೂ ಅದೇ. ರಂಗಕ್ಕೆ ಮದುವೆ ಬೇಕು, ಸರಿ. ಆದರೆ ಮಣಿಯ ನಿಜವಾದ ಕಥೆ ಮದುವೆಯ ನಂತರದ್ದು. ಕೃಷ್ಣ ಮಣಿಯನ್ನು ಸತ್ರಾಜಿತನಿಗೆ ಮರಳಿಸಿದ ಮೇಲೆ, ಯಾದವರಲ್ಲೇ ಒಬ್ಬನಾದ ಶತಧನ್ವ ಮಲಗಿದ್ದ ಸತ್ರಾಜಿತನನ್ನು ಕೊಂದು ಅದನ್ನು ಕದಿಯುತ್ತಾನೆ, ಇನ್ನೊಬ್ಬ ಯಾದವ ಅಕ್ರೂರನ ಬಳಿ ಇಟ್ಟು ಓಡುತ್ತಾನೆ. ಕೃಷ್ಣ ಅವನನ್ನು ಕೊಂದು ಹುಡುಕಿದರೆ ಮಣಿ ಇಲ್ಲ. ಬಲರಾಮ ನಂಬುವುದಿಲ್ಲ, ತಮ್ಮನ ಮೇಲೆ ಮುನಿದು ಮಿಥಿಲೆಯಲ್ಲೇ ಉಳಿದುಬಿಡುತ್ತಾನೆ. ಕೊನೆಗೆ ತುಂಬಿದ ಸಭೆಯಲ್ಲಿ ಅಕ್ರೂರ ಉಟ್ಟ ಬಟ್ಟೆಯೊಳಗಿಂದ ಚಿನ್ನದ ಪುಟ್ಟ ಕರಡಿಗೆ ತೆಗೆದು ಮಣಿಯನ್ನು ಹೊರಗಿಡುತ್ತಾನೆ. ಇದನ್ನು ಹೊತ್ತು ತಿರುಗುವ ಸಂಕಟದಲ್ಲಿ ಒಂದು ಸುಖವನ್ನೂ ಕಾಣಲಿಲ್ಲವೆಂದು ಹೇಳಿಕೊಳ್ಳುತ್ತಾನೆ. ಬಲರಾಮನಿಗೆ ಅದರ ಮೇಲೆ ಆಸೆ. ಅಪ್ಪನ ಆಸ್ತಿಯೆಂದು ಸತ್ರಾಜಿತನ ಮಗಳು, ಕೃಷ್ಣನ ಹೆಂಡತಿ ಸತ್ಯಭಾಮೆಗೂ ಆಸೆ. ಇಬ್ಬರ ಮುಖ ನೋಡಿದ ಕೃಷ್ಣನ ಸ್ಥಿತಿ ಎತ್ತು, ಚಕ್ರಗಳ ನಡುವೆ ಸಿಕ್ಕಿಕೊಂಡವನದು. ತನಗೆ ಹದಿನಾರು ಸಾವಿರ ಹೆಂಡಿರು, ಅಣ್ಣನಿಗೆ ಮದಿರೆ, ಶುಚಿಯ ಷರತ್ತು ಯಾರಿಗೆ ಸಾಧ್ಯ? ಮಣಿ ಅಕ್ರೂರನಲ್ಲೇ ಉಳಿಯುತ್ತದೆ.

ಈ ಮುಕ್ತಾಯ ಬಹಳ ಹಳೆಯದು. ಪುರಾಣಗಳಿಗಿಂತ ಎಷ್ಟೋ ಹಿಂದಿನ ಯಾಸ್ಕನ ನಿರುಕ್ತದಲ್ಲಿ, ಒಂದು ಧಾತುವಿನ ಅರ್ಥ ತೋರಿಸಲು, ಅಕ್ರೂರ ಮಣಿಯನ್ನು ಹಿಡಿದಿದ್ದಾನೆ ಎಂಬ ಜನರ ಆಡುಮಾತು ಉದಾಹರಣೆಯಾಗಿ ಬರುತ್ತದೆ. ಅಲ್ಲಿ ಮಣಿಗೆ ಹೆಸರೂ ಇಲ್ಲ. ಜನಕ್ಕೆ ನೆನಪಿದ್ದದ್ದು ಹಿಡಿದವನ ಹೆಸರು.

ಗಣೇಶ ಚೌತಿಯ ಚಂದ್ರನನ್ನು ನೋಡಿದ್ದರಿಂದ ಕೃಷ್ಣನಿಗೆ ಅಪವಾದ ಬಂತೆಂಬ ಮಾತು ವಿಷ್ಣುಪುರಾಣದಲ್ಲೂ ಇಲ್ಲ, ಭಾಗವತದಲ್ಲೂ ಇಲ್ಲ. ಅದು ವ್ರತಕಥೆಯ ಕೊಡುಗೆ. ಆ ವ್ರತದಿಂದಲೇ ಸ್ಯಮಂತಕೋಪಾಖ್ಯಾನ ಮನೆಮನೆಗೂ ಮುಟ್ಟಿತು, ಒಪ್ಪೋಣ. ಆದರೆ ಅಪವಾದಕ್ಕೆ ಕಾರಣ ಚಂದ್ರದರ್ಶನ ಎಂದೊಡನೆ ಸತ್ರಾಜಿತನ ಲೋಭ, ಊರಿನ ನಾಲಿಗೆ, ಅಣ್ಣನ ಅನುಮಾನ ಎಲ್ಲವೂ ಪಾರಾಗಿಬಿಡುತ್ತವೆ.

ಎರಡು ಪುರಾಣಗಳಲ್ಲಿ ನನ್ನ ಒಲವು ವಿಷ್ಣುಪುರಾಣದ ಕಡೆಗೆ. ಮಣಿ ರಾಜ ಉಗ್ರಸೇನನಿಗೇ ತಕ್ಕದ್ದೆಂದು ಕೃಷ್ಣನಿಗೂ ಆಸೆಯಾಯಿತು, ಕಸಿಯುವ ಶಕ್ತಿಯಿದ್ದರೂ ಕುಲ ಒಡೆದೀತೆಂದು ಸುಮ್ಮನಾದ ಎಂದು ಅದು ಅಳುಕಿಲ್ಲದೆ ಹೇಳುತ್ತದೆ. ಊರಿನ ಅನುಮಾನ ಪೂರ್ತಿ ಆಧಾರವಿಲ್ಲದ್ದಲ್ಲ ಎಂಬ ಇಕ್ಕಟ್ಟು ಕಥೆಗೆ ದಕ್ಕುವುದು ಇದರಿಂದಲೇ. ಭಾಗವತದ ಕೃಷ್ಣ ರಾಜನಿಗಾಗಿ ಕೇಳುತ್ತಾನೆ, ಅವನ ಒಳಗಿನ ಆಸೆಯ ಮಾತೇ ಅಲ್ಲಿಲ್ಲ. ಇಷ್ಟು ನಯಗೊಳಿಸಿದ ಭಾಗವತವೂ ಒಂದು ಮಾತನ್ನು ಉಳಿಸಿಕೊಂಡಿದೆ: ಮಣಿಯನ್ನು ನೀನೇ ಇಟ್ಟುಕೋ ಎಂದು ಅಕ್ರೂರನಿಗೆ ಹೇಳುವ ಕೃಷ್ಣ, ಒಮ್ಮೆ ಎಲ್ಲರಿಗೂ ತೋರಿಸು, ಈ ವಿಷಯದಲ್ಲಿ ಅಣ್ಣ ನನ್ನನ್ನು ಪೂರ್ತಿ ನಂಬುವುದಿಲ್ಲ ಎನ್ನುತ್ತಾನೆ.