ಹೊಳಪನ್ನು ಸೋಸುವ ಕನ್ನಡಕ

ನೀರು, ಒದ್ದೆ ಡಾಂಬರು, ಕಾರಿನ ಬಾನೆಟ್ಟು ಇಂಥ ಮಟ್ಟಸ ಮೈಗಳಿಂದ ಚಿಮ್ಮುವ ಬೆಳಕು ಬಹುಪಾಲು ಅಡ್ಡಲಾಗಿ ಕಂಪಿಸುತ್ತದೆ. ಪೋಲರೈಸ್ಡ್ ಕನ್ನಡಕ ಆ ಅಡ್ಡ ಕಂಪನವನ್ನು ತಡೆದು ಉಳಿದ ಬೆಳಕನ್ನು ಒಳಬಿಡುತ್ತದೆ. 1929ರಲ್ಲಿ ಅಮೆರಿಕದ ಎಡ್ವಿನ್ ಲ್ಯಾಂಡ್ ರೂಪಿಸಿದ ತೆಳು ಹಾಳೆ ಇದರ ಮೂಲ. ಇಷ್ಟು ಸರಳ ಉಪಾಯ ಕಣ್ಣಿಗೆ ಇಷ್ಟು ಉಪಕಾರ ಮಾಡಿದ್ದು ವಿರಳ.

ಮುಂಬಯಿಯ ಪವಾಯಿ ಕೆರೆಯಲ್ಲಿ ಗಾಳ ಹಾಕಿ ಕೂತವರಿಗೆ ಹೊಳಪು ಕರಗಿ, ದಂಡೆಬದಿಯ ಜೊಂಡು, ಮೇಲಕ್ಕೆ ಬಂದ ಮೀನಿನ ಬೆನ್ನು ಕಾಣಸಿಗುತ್ತವೆ. ನೋಟ ಲಂಬರೇಖೆಗೆ ಸುಮಾರು 53 ಡಿಗ್ರಿ ಓರೆಯಾಗಿದ್ದಾಗ ಫಲ ಅತಿ ಹೆಚ್ಚು. ನೇರ ಕೆಳಕ್ಕೆ ಬಗ್ಗಿ ನೋಡಿದರೆ ಕಡಿಮೆ. ಬಾಂದ್ರಾ-ವರ್ಲಿ ಸೇತುವೆಯ ಮೇಲೆ ಸಂಜೆ ಕಾರು ಓಡಿಸುವವರಿಗೂ ಸಮುದ್ರದ ಝಳಪು ತಗ್ಗುತ್ತದೆ. ಆದರೆ ಎದುರಿಗೇ ಇಳಿಯುವ ಸೂರ್ಯನನ್ನು ಕನ್ನಡಕ ಮಂಕಾಗಿಸುತ್ತದೆ, ಅಷ್ಟೇ.

ಬಣ್ಣದಲ್ಲಿ ಬೂದು ಸಿಗ್ನಲ್ ದೀಪಗಳ ವರ್ಣವನ್ನು ಕೆಡಿಸದು. ಮಳೆಗಾಲದ ಮೋಡಬೆಳಕಿನಲ್ಲಿ ಕಂದು ಮೇಲು. ಗಾಳಕ್ಕೂ ಚಾಲನೆಗೂ ಒಂದೇ ಬೇಕೆಂದರೆ ಕಂದನ್ನೇ ಆರಿಸಬಹುದು. ನಾಲ್ಕನೇ ದರ್ಜೆಯ ಕಡುಗಪ್ಪು ಚಾಲನೆಗೆ ಸಲ್ಲದು, ರಾತ್ರಿ ಯಾವುದೂ ಸಲ್ಲದು. ಬಿಸಿಲಿಗೆ ತಾನೇ ಕಪ್ಪಾಗುವ ಸಾಮಾನ್ಯ ಫೋಟೋಕ್ರೋಮಿಕ್ ಗಾಜು ಕಾರಿನೊಳಗೆ ಅಷ್ಟಾಗಿ ಕಪ್ಪಾಗದು, ಏಕೆಂದರೆ ಮುಂಗಾಜು ನೇರಳಾತೀತ ಕಿರಣವನ್ನು ತಡೆಯುತ್ತದೆ.

ನಂಬರ್ ಹೆಚ್ಚಿದ್ದವರು ಮುಖಕ್ಕೆ ತೀರಾ ಸುತ್ತಿಕೊಳ್ಳುವ ಫ್ರೇಮನ್ನು ಬಿಡುವುದು ಒಳ್ಳೆಯದು. ಬಾಗಿದ ಗಾಜಿನ ಅಂಚಿನಲ್ಲಿ ನೋಟ ವಕ್ರವಾಗುತ್ತದೆ. ಚಾಳೀಸು ಬಂದವರಿಗೆ ಪ್ರೋಗ್ರೆಸಿವ್ ಗಾಜಿದ್ದರೆ ಗಾಳದ ಗಂಟೂ ಡ್ಯಾಶ್‌ಬೋರ್ಡೂ ಕಾಣುತ್ತವೆ. ಪೋಲರೈಸ್ಡ್ ಗಾಜಿನ ಮೂಲಕ ಕೆಲವು ಪರದೆಗಳು ಮಾತ್ರ ಕಪ್ಪಗೆ ತೋರಬಹುದು.

ಕೊಳ್ಳುವ ಮುನ್ನ ಅಂಗಡಿಯಲ್ಲೇ ಎರಡು ಪೋಲರೈಸ್ಡ್ ಗಾಜುಗಳನ್ನು ಒಂದರ ಮೇಲೊಂದಿಟ್ಟು ಕಾಲು ಸುತ್ತು ತಿರುಗಿಸಿ ನೋಡಿ: ಕಪ್ಪಾದರೆ ಎರಡೂ ಅಸಲಿ.